ಎರಡು ರಿಂಗಿಗೆ ಕಟ್ಟಾಗುವ ಕರೆ

ಜೂನ್ 9

ಅಕ್ಕಾ,

ಕಾಗದ ನೋಡಿ ಎದೆ ಹಿಡಿದುಕೊಳ್ಳಬೇಡ, ಯಾರಿಗೂ ಏನೂ ಆಗಿಲ್ಲ. ಸುಖವಾಗಿ ತಲುಪಿದ್ದೇನೆ. ಕಾಗದ ಯಾಕೆಂದರೆ, ಬಂದಿಳಿದ ದಿನ ಮಗಳು ಬುಗುರಿಯ ಜೊತೆ ಮಾತಾಡಿದೆನಲ್ಲ, ಆ ಒಂದೇ ಕರೆ ನನ್ನ ಫೋನಿನಲ್ಲಿದ್ದ ದುಡ್ಡನ್ನೆಲ್ಲ ನುಂಗಿ ನೀರು ಕುಡಿಯಿತು. ನಮ್ಮ ದೇಶದ ಸಿಮ್ಮನ್ನು ಹೊರಗೆ ತಂದರೆ ಹೀಗಂತೆ. ನಾನು ಮಾಡಿದರೂ ನನ್ನ ದುಡ್ಡು, ನೀನು ಮಾಡಿ ನಾನು ಎತ್ತಿದರೂ ನನ್ನ ದುಡ್ಡೇ. ಇಲ್ಲಿಯ ಸಿಮ್ ತಗೊಳ್ಳೋಣವೆಂದರೆ ನಮ್ಮ ನಾಟಕ ತಂಡ ಎರಡು ವಾರಕ್ಕೊಂದು ಗಡಿ ದಾಟುತ್ತದೆ. ಪಾಸ್‌ಪೋರ್ಟ್ ತೋರಿಸಿ, ಸಾಲಿನಲ್ಲಿ ನಿಂತು, ಹೊಸ ಸಿಮ್ಮಿಗೆ ಜೀವ ಬರುವಷ್ಟರಲ್ಲಿ ನಮ್ಮ ಬಸ್ಸು ಹೊರಟಿರುತ್ತದೆ.

ಒಂದು ನಿಮಿಷ ಮಾತಾಡುವ ದುಡ್ಡಿನಲ್ಲಿ ಎರಡು ಕಾಗದ ಹಾಕಬಹುದು. ಅಗ್ಗದ ದಾರಿ ಸಿಗುವವರೆಗೆ ಹೀಗೇ. ಮುಂದಿನ ಊರುಗಳ ನಾಟಕಶಾಲೆಗಳ ವಿಳಾಸ ಹಿಂದುಗಡೆ ಬರೆದಿದ್ದೇನೆ.

ಬಟ್ಟೆ ಹೊಲಿಯುವ ಕೆಲಸ ಅಂತ ಕರೆತಂದರು, ಇಲ್ಲಿ ನೋಡಿದರೆ ಹರಿದದ್ದನ್ನು ಆಟದ ನಡುವೆ ಕೂಡಿಸುವುದೇ ಕೆಲಸ. ರಾಜನ ಪಾರ್ಟಿನವನು ದಿನಾ ಅದೇ ಕಂಕುಳಲ್ಲಿ ಹರಿದುಕೊಂಡು ಬಂದು ಕೈ ಎತ್ತಿ ನಿಲ್ಲುತ್ತಾನೆ. ಮೈಮೇಲೆ ಇರುವಾಗಲೇ ಹೊಲಿಯಬೇಕು. ಡಿಸೆಂಬರ್‌ವರೆಗೆ ಇವನ ಬೆವರು ಮೂಸಬೇಕು.

ಮಗಳು ಶಾಲೆಯ ಕಥೆ ಶುರು ಮಾಡಿದ್ದಳು, ನಾನು ಅವಸರ ಮಾಡಿ ಇಟ್ಟುಬಿಟ್ಟೆ. ಅತ್ತಳಾ? ನಿಜ ಬರೆ.

ನಿನ್ನ ತಂಗಿ

---

ಜೂನ್ 24

ತಂಗೀ,

ಅಳಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದಳು, ಆಮೇಲೆ ಎದ್ದು ಆಡಲು ಹೋದಳು. ಎಂಟು ವರ್ಷದ ನಿನ್ನ ಮಗಳು ನಿನಗಿಂತ ಗಟ್ಟಿ.

ನಾನು ಆಸ್ಪತ್ರೆಗೆ ಕೆಲಸಕ್ಕೆ ಹೋಗುವಾಗ ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ, ಶಾಲೆಯಿಂದ ಬಂದವಳಿಗೆ ನೀನು ಸಿಗಲಿ ಅಂತ. ಎದುರು ಮನೆಯ ಅಜ್ಜಿ ಬಾಗಿಲಲ್ಲೇ ಕೂತು ಕಾಯುತ್ತಾರೆ. ನಾನೂ ದಿನಾ ಆ ಹೊತ್ತಿಗೆ ಅಲ್ಲಿಯ ಟೆಲಿಫೋನ್ ಬೋರ್ಡಿನಿಂದ ಮನೆಗೊಂದು ಕರೆ ಹಾಕಿ ತಿಂಡಿ ತಿಂದಳಾ ಅಂತ ಕೇಳುತ್ತೇನೆ. ಇಡೀ ಆಸ್ಪತ್ರೆಯ ಮಾತು ನನ್ನ ಕೈ ದಾಟಿ ಹೋಗುತ್ತದೆ, ಆಪರೇಟರ್ ಆದ ನನ್ನ ಇದೊಂದು ಕರೆಗೆ ಯಾರೂ ಬೈಯಲಾರರು.

ಹೆಸರು ಬಾರದ ನಂಬರು ಬಂದರೆ ಎತ್ತಬೇಡ, ಕಟ್ ಮಾಡಿ ಅಳಿಸಿಬಿಡು ಅಂತ ಅವಳಿಗೆ ಹೇಳಿಟ್ಟಿದ್ದೇನೆ. ಈಗ ಹೊರದೇಶದ ನಂಬರಿನಿಂದ ಒಂದು ರಿಂಗ್ ಕೊಟ್ಟು ಸುಮ್ಮನಾಗುವ ಕಳ್ಳರಿದ್ದಾರೆ. ಯಾರೋ ಪಾಪ ಅಂತ ತಿರುಗಿ ಮಾಡಿದರೆ ಬ್ಯಾಲೆನ್ಸ್ ಮಂಗಮಾಯ. ನಮ್ಮ ಬೋರ್ಡಿಗೇ ದಿನಾ ಬರುತ್ತವೆ, ದನಿ ಕೇಳಿಯೇ ಹೇಳಿಬಿಡುತ್ತೇನೆ ಯಾರು ಎಂಥವರು ಅಂತ. ನಿನ್ನ ನಂಬರು ನಿನ್ನ ಹೆಸರಿನಲ್ಲೇ ಬರುತ್ತದಲ್ಲ, ಅದನ್ನು ಎತ್ತುತ್ತಾಳೆ.

ಮೊಬೈಲ್ ಅಂಗಡಿಯವನನ್ನು ಕೇಳಿದೆ. "ಈಗೆಲ್ಲ ಪ್ಯಾಕ್ ಬಂದಿದೆ ಮೇಡಂ, ಹೋಗೋಕೆ ಮುಂಚೆ ಹಾಕಿಸ್ಕೊಂಡ್ರೆ ಮುಗೀತು. ಯಾರ್ರೀ ದುಬಾರಿ ಅಂದಿದ್ದು?" ಅಂದ. ನನ್ನ ತಂಗಿಯೇ ಅಂದದ್ದು ಅಂತ ಹೇಳಲಿಲ್ಲ.

ಅಕ್ಕ

---

ಜುಲೈ 11

ಅಕ್ಕಾ,

ನಿನ್ನ ಅಂಗಡಿಯವನಿಗೆ ಹೇಳು, ಅವನ ಪ್ಯಾಕಿನಲ್ಲಿ ನಾವು ಹೋಗುವ ದೇಶಗಳಲ್ಲಿ ಅರ್ಧ ಇಲ್ಲವೇ ಇಲ್ಲ. ಅಂಗಡಿಯಲ್ಲಿ ಕೂತು ಹೇಳುವುದು ಸುಲಭ. ಮೊನ್ನೆ ಗಡಿಯ ಹತ್ತಿರ ಬಸ್ಸು ಇನ್ನೂ ಈಚೆಗಿರುವಾಗಲೇ ಫೋನು ಆಚೆಯ ಟವರ್ ಹಿಡಿದು, ನಾನು ಮುಟ್ಟದೆಯೇ ದುಡ್ಡು ಕತ್ತರಿಸಿತು. ಆ ಸಿಮ್ಮನ್ನೇ ತೆಗೆದು ಸೂಜಿ ಡಬ್ಬಿಯಲ್ಲಿ ಹಾಕಿದ್ದೇನೆ.

ಆದರೂ ಒಂದು ದಾರಿ ಸಿಕ್ಕಿದೆ. ನಮ್ಮ ಲೈಟಿನವನು, ರಂಗದ ದೀಪ ನೋಡಿಕೊಳ್ಳುವವನು, ನನ್ನ ಫೋನಿನಲ್ಲಿ ಏನೋ ಹಾಕಿಕೊಟ್ಟಿದ್ದಾನೆ. ನಾಟಕಶಾಲೆಯ ವೈಫೈ ಹಿಡಿದು ಮಾಮೂಲಿ ಫೋನಿಗೆ ಮಾತಾಡಬಹುದು, ಖರ್ಚು ಇಲ್ಲವೆನ್ನುವಷ್ಟು ಕಮ್ಮಿ. ಒಂದೇ ತೊಂದರೆ, ನನ್ನ ನಂಬರು ಕಾಣುವುದಿಲ್ಲ, ಒಂದೊಂದು ಸಲ ಒಂದೊಂದು ದೇಶದ ನಂಬರು ಕಾಣುತ್ತದಂತೆ. ಹಾಗಾಗಿ ಬುಗುರಿಗೆ ಹೇಳು, ಪ್ಲಸ್ ಗುರುತಿನಿಂದ ಶುರುವಾಗುವ ಯಾವ ನಂಬರಾದರೂ ಎತ್ತು ಅಂತ.

ಇಸ್ತ್ರಿ ಬಿಸಿಯಾಗುವ ಹೊತ್ತಿನಲ್ಲಿ ಈ ವಾರ ದಿನಾ ಮಾಡಿದೆ. ದಿನಾ ಅದೇ. ಎರಡು ರಿಂಗ್ ಆಗುತ್ತದೆ, ಕಟ್ಟಾಗುತ್ತದೆ. ಯಾರೂ ಎತ್ತದೆ ನಿಂತುಹೋಗುವುದಲ್ಲ, ಯಾರೋ ಕಟ್ ಮಾಡುವುದು. ನಿನ್ನ ಕಟ್ಟಪ್ಪಣೆ ಅಂತ ಸುಮ್ಮನಾದೆ. ಈ ಕಾಗದ ತಲುಪಿದ ಮೇಲೆ ಎತ್ತುತ್ತಾಳೆ ಅಂತ ನಂಬಿದ್ದೇನೆ.

ತಂಗಿ

---

ಜುಲೈ 27

ತಂಗೀ,

ಕಾಗದ ಬಂದ ದಿನವೇ ಬುಗುರಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ, ಪ್ಲಸ್ ಬಂದರೆ ಎತ್ತು ಅಂತ. ತಲೆ ಆಡಿಸಿದಳು. ಇವತ್ತಿಗೆ ವಾರದ ಮೇಲಾಯಿತು, ಯಾವ ಕರೆಯೂ ಇಲ್ಲ. ದಿನಾ ಮನೆಗೆ ಬಂದ ಕೂಡಲೆ ಕೇಳುತ್ತೇನೆ, "ಅಮ್ಮ ಮಾತಾಡಿದ್ಲೇನೇ?" ಅಂತ. "ಇಲ್ಲ" ಅನ್ನುತ್ತಾಳೆ. ಆ ಮಗುವಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ನಿನಗೂ ಗೊತ್ತು. ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟು ನಿನ್ನೆ ಫೋನಿನ ಕರೆಗಳ ಪಟ್ಟಿಯನ್ನೇ ತೆಗೆದು ನೋಡಿದೆ. ಖಾಲಿ. ಒಂದೂ ಕರೆ ಇಲ್ಲ.

ನನ್ನ ಕಿವಿಗೆ ಹೂ ಇಡಬೇಡ. ಯಾವ ಕರೆ ನಿಜ ಯಾವುದು ಸುಳ್ಳು ಅಂತ ಹೇಳುವುದೇ ನನ್ನ ಅನ್ನ. ಮಾಡದ ಕರೆಗೆ ಎರಡು ರಿಂಗಿನ ಕಥೆ ಬೇರೆ.

ಈ ಲೈಟಿನವನು ಯಾರು? ಮದುವೆಯಾಗಿದೆಯೋ? ಮೊದಲ ಕಾಗದದಲ್ಲಿ ರಾಜನ ಕಂಕುಳಿತ್ತು, ಈಗ ಲೈಟಿನವನ ಕೈ ಬಂತು. ನಿನ್ನ ಗಂಡನೂ ಹೀಗೇ ದೂರದ ಕೆಲಸ ಅಂತ ಹೋದದ್ದು. ಮೊದಲು ನೆಟ್‌ವರ್ಕ್ ಸರಿಯಿಲ್ಲ ಅಂದ, ಆಮೇಲೆ ಚಾರ್ಜರ್ ಕಳೆದುಹೋಯಿತು ಅಂದ, ಆಮೇಲೆ ಸ್ವಿಚ್ ಆಫ್. ಬುಗುರಿಯನ್ನು ಇನ್ನೊಂದು ಸಲ ಅದೇ ಬಾಗಿಲಲ್ಲಿ ಕಾಯಿಸಬೇಡ.

ಶಾಲೆಯಲ್ಲಿ ಮೊನ್ನೆ ಪೋಷಕರ ಸಭೆ. ಟೀಚರು ನನ್ನನ್ನು ಬುಗುರಿಯ ಅಮ್ಮ ಅಂದರು. ಹಿಂದೆ ಉದ್ದದ ಸಾಲಿತ್ತು, ತಿದ್ದುವುದಕ್ಕೆ ಹೋಗಲಿಲ್ಲ. ಗಣಿತದಲ್ಲಿ ಜಾಣೆಯಂತೆ.

ಅಕ್ಕ

---

ಆಗಸ್ಟ್ 13

ಅಕ್ಕಾ,

ನಿನ್ನ ಕಾಗದವನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಮೂರು ಸಲ ಓದಿದೆ. ಕೊನೆಗೆ ಒಂದೇ ಸಾಲು ಉಳಿಯಿತು. ಹಿಂದೆ ಉದ್ದದ ಸಾಲಿತ್ತು, ತಿದ್ದುವುದಕ್ಕೆ ಹೋಗಲಿಲ್ಲ. "ಅಮ್ಮ ಅಲ್ಲ, ದೊಡ್ಡಮ್ಮ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು?

ಈಗ ಎಲ್ಲ ಅರ್ಥವಾಗುತ್ತಿದೆ. ನಾನು ದಿನಾ ಮಾಡುತ್ತಿದ್ದೇನೆ. ದಿನಾ ಎರಡು ರಿಂಗ್, ದಿನಾ ಕಟ್. ನನ್ನ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರಿದ್ದಾರೆ. ನಿನ್ನ ಮನೆಯ ಫೋನು, ನಿನ್ನ ನಿಯಮ, ಖಾಲಿ ಪಟ್ಟಿಯೂ ನಿನ್ನದೇ. ಕಟ್ ಮಾಡುವ ಕೈ ಮಾತ್ರ ನಿನ್ನದಲ್ಲ ಅಂತ ನಾನು ನಂಬಬೇಕು.

ಹೋದ ವರ್ಷವೇ ಹೇಳಿದೆ, ಆ ಗುಂಡಿಯ ಫೋನು ಬಿಟ್ಟು ದೊಡ್ಡ ಫೋನು ತಗೋ, ಬಿಟ್ಟಿಯಾಗಿ ಮುಖ ನೋಡಿಕೊಂಡು ಮಾತಾಡಬಹುದು ಅಂತ. ಮಗು ಅದರಲ್ಲೇ ಮುಳುಗುತ್ತದೆ ಅಂದೆ ನೀನು. ಈಗಲೂ ಮೇಲಿನ ಮನೆಯವರ ಫೋನಿನಲ್ಲಿ ಒಂದು ಸಲ ತೋರಿಸಬಹುದಿತ್ತು. ನಿನಗೆ ಬೇಡ. ಯಾಕೆ ಬೇಡ ಅಂತ ನನ್ನ ಬಾಯಲ್ಲೇ ಹೇಳಿಸುತ್ತೀಯಾ?

ಲೈಟಿನವನ ವಿಷಯ ನಿನಗೆ ಸಂಬಂಧಪಟ್ಟದ್ದಲ್ಲ.

ತಂಗಿ

---

ಆಗಸ್ಟ್ 28

ತಂಗೀ,

ಸಂಬಂಧಪಟ್ಟದ್ದಲ್ಲ ಅಂದೆಯಲ್ಲ, ಉತ್ತರ ಸಿಕ್ಕಿತು.

ಮನೆಯ ಮಾತನ್ನು ಮೇಲಿನ ಮನೆಗೆ ಹತ್ತಿಸುವ ಅಭ್ಯಾಸ ನನಗಿಲ್ಲ. ಬುಗುರಿಗೆ ಜ್ವರ ಬಂದಿತ್ತು, ಈಗ ಇಲ್ಲ. ಬೂಟು ಚಿಕ್ಕದಾಗಿತ್ತು, ಬೇರೆ ತೆಗೆದುಕೊಟ್ಟೆ. ನಿನಗೆ ತಿಳಿಸಬೇಕಾದದ್ದು ಇಷ್ಟೇ.

ಅಕ್ಕ

---

ಸೆಪ್ಟೆಂಬರ್ 7

ಅಕ್ಕಾ,

ಜ್ವರ ಬಂದಿತ್ತು ಅಂತ ಒಂದು ಸಾಲು. ಎಷ್ಟು ದಿನ, ಎಷ್ಟು ಜೋರು, ಯಾರನ್ನು ಕೇಳಿದಳು, ಒಂದೂ ಇಲ್ಲ.

ತಡೆಯಲಾರದೆ ನಿನ್ನೆ ಆಸ್ಪತ್ರೆಗೇ ಮಾಡಿದೆ. "ನಮಸ್ಕಾರ, ಯಾವ ವಿಭಾಗ ಬೇಕಿತ್ತು?" ಅಂದೆ ನೀನು. "ಅಕ್ಕಾ, ನಾನು" ಅಂದೆ. "ಲೈನಲ್ಲೇ ಇರಿ" ಅಂದೆ ನೀನು. ಇರಿ! ಸ್ವಂತ ತಂಗಿಗೆ! ಆಮೇಲೆ ಬರೀ ಸಂಗೀತ. ರಾಜನ ಪಾರ್ಟಿನವನು ಕೈ ಎತ್ತಿ ನಿಂತಿದ್ದ, ನಾನು ಒಂದು ಕೈಯಲ್ಲಿ ಸೂಜಿ, ಒಂದು ಕೈಯಲ್ಲಿ ಫೋನು ಹಿಡಿದು ನಿಮ್ಮ ಆಸ್ಪತ್ರೆಯ ಸಂಗೀತ ಕೇಳುತ್ತಿದ್ದೆ. ಕೊನೆಗೆ ಅದೂ ಕಟ್ಟಾಯಿತು.

ದನಿ ಕೇಳಿಯೇ ಯಾರು ಎಂಥವರು ಅಂತ ಹೇಳುವವಳಲ್ಲವೇ ನೀನು?

ತಂಗಿ

---

ಸೆಪ್ಟೆಂಬರ್ 18

ತಂಗೀ,

ಮೊದಲು ಇದನ್ನು ಪೂರ್ತಿ ಓದು, ಆಮೇಲೆ ಬೈಯಿ.

ನೀನು ಬೋರ್ಡಿಗೆ ಮಾಡಿದ ಹೊತ್ತಿನಲ್ಲಿ ಬಸ್ ಅಪಘಾತದವರನ್ನು ತಂದಿದ್ದರು. ಒಂದು ಕಿವಿಯಲ್ಲಿ ಆಪರೇಷನ್ ಥಿಯೇಟರ್, ಇನ್ನೊಂದರಲ್ಲಿ ರಕ್ತನಿಧಿ. ನಿನ್ನ ದನಿ ಗೊತ್ತಾಯಿತು. ಬಾಯಿ ಮಾತ್ರ ಅಭ್ಯಾಸದ ಮಾತನ್ನೇ ಆಡಿತು. ತಿರುಗಿ ಲೈನ್ ತೆಗೆಯುವಷ್ಟರಲ್ಲಿ ನೀನಿರಲಿಲ್ಲ. ಆದರೆ ಅದೊಂದು ಕರೆ ನಿಜವಾಗಿದ್ದರೆ ಉಳಿದವೂ ನಿಜವಿರಬಹುದು ಅನ್ನುವುದು ತಲೆಯೊಳಗೆ ಹೊಕ್ಕಿತು, ಹೊರಗೆ ಹೋಗಲಿಲ್ಲ.

ನಿನ್ನೆ ರಜೆ ಹಾಕಿದೆ. ಬುಗುರಿಗೆ ಹೇಳಲಿಲ್ಲ. ಅವಳು ಶಾಲೆಯಿಂದ ಬರುವ ಮುಂಚೆ ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ ನಿಂತದ್ದಕ್ಕೆ ನನಗೇ ನಾಚಿಕೆ. ಬಂದಳು. ಚೀಲ ಬಿಸಾಡಿದಳು. ಬೂಟು ಬಿಚ್ಚುವ ಮೊದಲೇ ಫೋನನ್ನು ತಂದು ಮೇಜಿನ ನಡುವೆ ಇಟ್ಟು, ಗಲ್ಲಕ್ಕೆ ಕೈ ಕೊಟ್ಟು ಎದುರಿಗೆ ಕೂತಳು. ಫೋನು ಹೊಡೆದುಕೊಂಡಿತು. ನಗುತ್ತಾ ನೋಡಿದಳು. ಒಂದು ರಿಂಗ್, ಎರಡು ರಿಂಗ್. ಕೆಂಪು ಗುಂಡಿ ಒತ್ತಿದಳು. ಆಮೇಲೆ ಇನ್ನೇನೋ ಒತ್ತಿ ಪಟ್ಟಿಯನ್ನು ಅಳಿಸಿದಳು. ಎದ್ದು ಬೂಟು ಬಿಚ್ಚಿದಳು.

ನಾನು ಹೊರಗೆ ಬಂದೆ. ಬೈಯಲಿಲ್ಲ, ಆಣೆ. "ಯಾಕೆ ಕಟ್ ಮಾಡ್ದೆ ಪುಟ್ಟಾ? ಅದು ಅಮ್ಮ ಅಲ್ವಾ?" ಅಂದೆ.

"ಅಮ್ಮನೇ" ಅಂದಳು. "ಎತ್ತಿದ್ರೆ ದುಡ್ಡು ಹೋಗುತ್ತೆ ದೊಡ್ಡಮ್ಮ. ದುಡ್ಡು ಹೋದ್ರೆ ಬರೋದು ಲೇಟಾಗುತ್ತಂತೆ, ಅಮ್ಮನೇ ಹೇಳಿದ್ಲು."

"ನಾನು ಎತ್ತು ಅಂತ ಹೇಳಿರ್ಲಿಲ್ವಾ?"

"ಹೇಳಿದ್ದೆ. ದುಡ್ಡು ನಿಂದಲ್ವಲ್ಲ, ಅದಕ್ಕೇ ನಿಂಗೇನೂ ಅನ್ಸಲ್ಲ."

"ಹಾಗಾದ್ರೆ ಅಮ್ಮನ ಹತ್ರ ಮಾತಾಡೋದೇ ಬೇಡ್ವಾ?"

"ಎರಡು ರಿಂಗ್ ಸಾಕು. ಅಮ್ಮ ಚೆನ್ನಾಗಿದ್ದಾಳೆ ಅಂತ ಗೊತ್ತಾಗುತ್ತಲ್ಲ. ನೀನೂ ಅಮ್ಮಂಗೆ ಹಂಗೇ ಮಾಡ್ತಿದ್ದೆ."

ಮಾಡುತ್ತಿದ್ದೆವು. ಬಸ್ಸಿಳಿದರೆ ಒಂದು ಮಿಸ್ಡ್ ಕಾಲ್, ಆಸ್ಪತ್ರೆ ಬಿಟ್ಟೆ ಅನ್ನುವುದಕ್ಕೆ ಒಂದು ಮಿಸ್ಡ್ ಕಾಲ್. ಕಾಸು ಉಳಿಸಲು ನಾವಿಬ್ಬರೂ ಆಡಿದ ಆಟವನ್ನು ನೋಡಿಕೊಂಡು ಬೆಳೆದವಳು. ನಾನು "ಅಮ್ಮ ಮಾತಾಡಿದ್ಲಾ" ಅಂತ ಕೇಳಿದಾಗ "ಇಲ್ಲ" ಅಂದದ್ದೂ ನಿಜವೇ. ಮಾತಾಡಿರಲಿಲ್ಲವಲ್ಲ.

ಈಗ ಖರ್ಚಿಲ್ಲ, ಎತ್ತಬಹುದು ಅಂತ ಎಷ್ಟು ಹೇಳಿದರೂ ಒಪ್ಪುತ್ತಿಲ್ಲ. ದೊಡ್ಡವರು ಹಾಗೇ ಹೇಳುತ್ತಾರೆ ಅನ್ನುತ್ತಾಳೆ.

ನಿನ್ನನ್ನು ಸುಳ್ಳಿ ಅಂದೆ. ತಪ್ಪಾಯಿತು.

ಅಕ್ಕ

---

ಸೆಪ್ಟೆಂಬರ್ 20

ಅಕ್ಕಾ,

ಇನ್ನು ಮೇಲೆ ಕರೆ ಮಾಡುವುದಿಲ್ಲ. ನಿನ್ನೆಯೂ ಮಾಡಿದೆ, ನಿನ್ನೆಯೂ ಎರಡಕ್ಕೇ ಕಟ್ಟಾಯಿತು. ನೀನು ಗೆದ್ದೆ.

ಮ್ಯಾನೇಜರು ಇನ್ನೊಂದು ವರ್ಷಕ್ಕೆ ಇರುತ್ತೀಯಾ ಅಂತ ಕೇಳುತ್ತಲೇ ಇದ್ದರು, ನಾನು ಇಲ್ಲ ಅನ್ನುತ್ತಲೇ ಇದ್ದೆ, ಮಗಳು ಕಾಯುತ್ತಾಳೆ ಅಂತ. ಇವತ್ತು ರುಜು ಹಾಕಿದೆ. ಡಿಸೆಂಬರ್‌ಗೆ ಬರುವುದಿಲ್ಲ. ಕಾಯುವವರಿಲ್ಲದ ಮನೆಗೆ ಓಡಿ ಬಂದು ಏನು ಮಾಡಲಿ? ಅವಳಿಗೆ ಅಮ್ಮ ಸಿಕ್ಕಿದ್ದಾಳಲ್ಲ, ಪೋಷಕರ ಸಭೆಗೆ ಹೋಗುವವಳು, ಬೂಟು ಕೊಡಿಸುವವಳು.

ದುಡ್ಡು ಕಳಿಸುತ್ತೇನೆ. ಅದನ್ನಾದರೂ ಕಟ್ ಮಾಡಬೇಡ.

ತಂಗಿ

---

ಅಕ್ಟೋಬರ್ 3

ಅಕ್ಕಾ,

ನಿನ್ನ ಹದಿನೆಂಟನೆಯ ತಾರೀಕಿನ ಕಾಗದ ಇವತ್ತು ಬಂತು. ನನ್ನ ಇಪ್ಪತ್ತನೆಯದು ನಿನಗೆ ಸಿಕ್ಕಿರುತ್ತದೆ. ಹರಿದು ಒಲೆಗೆ ಹಾಕು. ಅವಳ ಕಣ್ಣಿಗೆ ಬೀಳದಿರಲಿ.

ಬಟ್ಟೆಯ ಪೆಟ್ಟಿಗೆಗಳ ನಡುವೆ ಕೂತು ಅತ್ತೆ. ನಾನು ಬೇಗ ಬರಲಿ ಅಂತ ಅವಳು ಕಟ್ ಮಾಡಿದಳು. ಅವಳು ಕಟ್ ಮಾಡಿದಳು ಅಂತ ನಾನು ಇನ್ನೊಂದು ವರ್ಷಕ್ಕೆ ಬರೆದುಕೊಟ್ಟೆ. ಎಂಥ ತಾಯಿ ನಾನು! ದುಡ್ಡು ಹೋದರೆ ಬರುವುದು ಲೇಟು ಅನ್ನುವ ಆ ಮಾತನ್ನು ಮೊದಲ ದಿನ ಫೋನು ಇಡುವ ಅವಸರದಲ್ಲಿ ಬಾಯಿಗೆ ಬಂದ ಹಾಗೆ ಆಡಿದ್ದು, ಆಡಿದ್ದು ಮರೆತೂ ಹೋಗಿತ್ತು.

ಹೋಗಿ ಮ್ಯಾನೇಜರಿಗೆ ಹೇಳಿದೆ. ರೇಗಿದರು. ರುಜು ಹಾಕಿ ಹಿಂದೆ ಸರಿಯುವವರು ತಂಡಕ್ಕೆ ಬೇಡ, ಹೋಗುವುದಾದರೆ ಈಗಲೇ ಹೊರಡು, ಟಿಕೆಟ್ ನಿನ್ನದೇ, ಕೊನೆಗೆ ಬರಬೇಕಾದ ದುಡ್ಡೂ ಇಲ್ಲ ಅಂದರು. ಸರಿ ಅಂದೆ. ಉಳಿಸಿದ್ದೆಲ್ಲ ಟಿಕೆಟ್ಟಿಗೆ ಹೋಗುತ್ತದೆ. ಈ ತಿಂಗಳ ಕೊನೆಯೊಳಗೆ ಬರುತ್ತೇನೆ. ಅಲ್ಲಿಯವರೆಗೆ ಅವಳನ್ನು ಎತ್ತು ಅಂತ ಪೀಡಿಸಬೇಡ. ನಾನು ದಿನಾ ಮಾಡುತ್ತೇನೆ, ಅವಳು ಕಟ್ ಮಾಡಲಿ. ಇವತ್ತು ಕಟ್ಟಾದಾಗ ಮೊದಲ ಸಲ ನನಗೆ ಖುಷಿಯಾಯಿತು.

ಲೈಟಿನವನ ವಿಷಯದಲ್ಲಿ ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ. ನನ್ನ ಜೊತೆ ಇರುತ್ತೀಯಾ ಅಂತ ಅವನು ಕೇಳಿದ. ನಾನು ಹೂಂ ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ರುಜು ಹಾಕುವಾಗ ಅವನೂ ತಲೆಯಲ್ಲಿದ್ದ. ಈಗ ನೀನು ಹೇಳು.

ಪಟ್ಟಿ ಖಾಲಿ, ಒಂದೂ ಕರೆ ಇಲ್ಲ ಅಂತ ನೀನು ಬರೆದಿದ್ದೆ. ನೀನು ದಿನಾ ಬೋರ್ಡಿನಿಂದ ಮನೆಗೆ ಮಾಡುವ ಕರೆ ಎಲ್ಲಿ ಹೋಯಿತು ಅಕ್ಕಾ? ಅದಾದರೂ ಇರಬೇಕಿತ್ತಲ್ಲ. ನನ್ನಂಥ ಹೊಲಿಗೆಯವಳಿಗೆ ಹೊಳೆದದ್ದು, ದಿನವಿಡೀ ಫೋನಿನ ಮುಂದೆ ಕೂರುವ ನಿನಗೆ ಹೊಳೆಯಲಿಲ್ಲವೇ? ಬಾಗಿಲ ಹಿಂದೆ ನಿಲ್ಲಲು ಇಷ್ಟು ದಿನ ಯಾಕೆ ಬೇಕಾಯಿತು?

ತಂಗಿ

---

ಅಕ್ಟೋಬರ್ 15

ತಂಗೀ,

ಇದಕ್ಕೆ ಸ್ಟಾಂಪ್ ಹಚ್ಚುವುದಿಲ್ಲ. ಅಂಚೆಗೆ ಹಾಕಿದರೂ ತಲುಪುವ ಹೊತ್ತಿಗೆ ನೀನು ಅಲ್ಲಿರುವುದಿಲ್ಲ. ಬಂದ ದಿನ ಕೈಗೆ ಕೊಡುತ್ತೇನೆ. ದಿನವಿಡೀ ಬೇರೆಯವರ ಮಾತನ್ನು ದಾಟಿಸುವವಳಿಗೆ ತನ್ನ ಮಾತು ಬಾಯಿಗೆ ಬರುವುದಿಲ್ಲ.

ಹೊಳೆದಿತ್ತು. ಪಟ್ಟಿ ನೋಡಿದ ಕೂಡಲೆ ಯಾರೋ ಒರೆಸಿದ್ದಾರೆ ಅಂತ ಗೊತ್ತಾಯಿತು. ಮನೆಯಲ್ಲಿರುವುದು ಇಬ್ಬರೇ, ನಾನಲ್ಲ. ಯಾಕೆ ಒರೆಸಿದೆ ಅಂತ ಒಂದು ಮಾತು ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದಳು. ನಾನು ಕೇಳಲಿಲ್ಲ. ಕೇಳಿದರೆ ನೀನು ನಿಜವಾಗಿಯೂ ಮಾಡುತ್ತಿದ್ದೀಯ ಅಂತ ಆಗುತ್ತಿತ್ತು. ನೀನು ಮರೆತಿದ್ದೀಯ ಅಂದುಕೊಳ್ಳುವುದು ನನಗೆ ಬೇಕಾಗಿತ್ತು. ಆ ಅನುಮಾನವನ್ನು ನೀರೆರೆದು ಬೆಳೆಸಿದವಳು ನಾನೇ.

ನನಗೆ ಮಕ್ಕಳಾಗಲಿಲ್ಲ ಅನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿಲ್ಲ, ನೀನೂ ಹೇಳಿಲ್ಲ, ಅದಕ್ಕೆ ನಿನಗೆ ಋಣಿ. ಜ್ವರ ಬಂದಾಗ ಬುಗುರಿ ಅಮ್ಮಾ ಅಂದಳು. ನಿನ್ನನ್ನೇ ಕರೆದದ್ದು, ನನಗೆ ಗೊತ್ತಿತ್ತು. ಓ ಅಂದವಳು ನಾನು. ಆಮೇಲಿನಿಂದ ನಿನ್ನ ಕಾಗದ ಬಂದರೆ ಒಡೆಯಲು ಮನಸ್ಸೇ ಬರುತ್ತಿರಲಿಲ್ಲ. ಜ್ವರದ ಬಗ್ಗೆ ಒಂದೇ ಸಾಲು ಬರೆದದ್ದು ಅದಕ್ಕೇ. ಅಷ್ಟಾದರೂ ಬಾಗಿಲ ಹಿಂದೆ ನಿಲ್ಲಿಸಿದ್ದು ಬೋರ್ಡಿನಲ್ಲಿ ಕೇಳಿದ ನಿನ್ನ ದನಿ. ಬರೀ ಅಕ್ಷರದಲ್ಲಿದ್ದಾಗ ನಿನ್ನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಸುಲಭವಾಗಿತ್ತು.

ಲೈಟಿನವನಿಗೆ ಏನು ಹೇಳಬೇಕೋ ನೀನೇ ಹೇಳು. ನನ್ನನ್ನು ಕೇಳಿದರೆ ಮೊದಲು ಅವನ ದನಿ ಕೇಳಿಸು ಅನ್ನುತ್ತೇನೆ.

ನೀನು ಬರುತ್ತೀಯ ಅಂತ ಬುಗುರಿಗೆ ಹೇಳಿದೆ. "ನೋಡಿದ್ಯಾ ದೊಡ್ಡಮ್ಮ, ಡಿಸೆಂಬರ್‌ಗಿಂತ ಮುಂಚೆನೇ! ನಾನು ಎತ್ತದೇ ಇದ್ದಿದ್ದಕ್ಕೇ ದುಡ್ಡು ಉಳೀತು" ಅಂದಳು. ಹೌದು ಅಂದೆ. ನೀನೂ ಹೌದು ಅನ್ನು. ಟಿಕೆಟ್ಟಿನ ಲೆಕ್ಕ ಅವಳಿಗೆ ಎಂದೂ ಗೊತ್ತಾಗುವುದು ಬೇಡ.

ಅವಳ ಅಭ್ಯಾಸಗಳು ಸ್ವಲ್ಪ ಬದಲಾಗಿವೆ, ಹೇಳಿಬಿಡುತ್ತೇನೆ. ನಡುಬೈತಲೆ ಈಗ ಬೇಡವಂತೆ, ಪಕ್ಕಕ್ಕೆ ತೆಗೆಯಬೇಕು. ಹಾಲಿನಲ್ಲಿ ಕೆನೆ ಕಂಡರೆ ಲೋಟ ಮುಟ್ಟುವುದಿಲ್ಲ. ಮಲಗುವಾಗ ಬೆನ್ನು ಕೆರೆಯಬೇಕು, ಎಡಗಡೆ, ಮೆಲ್ಲಗೆ. ಮೊದಮೊದಲು ನನ್ನ ಹತ್ತಿರವೇ ಬಂದು ಮಲಗಿದರೆ ಬೇಜಾರು ಮಾಡಿಕೊಳ್ಳಬೇಡ, ನಿನ್ನ ಕಡೆ ಕಳಿಸುತ್ತೇನೆ. ಕಳಿಸದೆ ಹೋದರೆ ನನಗೆ ಬೈದು ಕರೆದುಕೊಂಡು ಹೋಗು.

ಅಕ್ಕ